ಪುರಾಣಗಳಲ್ಲಿ ಡೈನೋಸಾರುಗಳುಂಟೆ?

ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದುನಿಂತು, "ಸರ್, ಶರಭಾ ಅಂದ್ರ ಡೈನೋಸಾರ್ ಅಂತ್ರೀ, ಖರೇ ಏನ್ರೀ?" ಎಂದು ಕೇಳಿದನು. ಗದರಿಸಿ ಕೂರಿಸುವುದು ಸುಲಭ. "ಹೌದಪ್ಪಾ, ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು" ಎಂದು ಬೆನ್ನು ತಟ್ಟುವುದು ಇನ್ನೂ ಸುಲಭ. ಹೊಸದಾಗಿ ಉಪಾಧ್ಯಾಯನಾದ ಕಾಲದಲ್ಲಿ ಈ ಎರಡನೆಯದನ್ನು ನಾನೇ ಮಾಡಿದ್ದುಂಟು. 2019ರ ಜನವರಿಯಲ್ಲಿ ಜಾಲಂಧರದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಭೂವಿಜ್ಞಾನಿಗಳೊಬ್ಬರು, ಡೈನೋಸಾರುಗಳನ್ನು ಮೊದಲು ಕಂಡುಹಿಡಿದವನು ಬ್ರಹ್ಮನೆಂದೂ ವೇದಗಳಲ್ಲಿ ಅವುಗಳ ಉಲ್ಲೇಖವಿದೆಯೆಂದೂ ಹೇಳಿದರೆಂದು ಪತ್ರಿಕೆಗಳಲ್ಲಿ ಬಂದಿತ್ತು. ಹೀಗಿರುವಾಗ ಹುಡುಗನನ್ನು ದೂರಿ ಏನು ಫಲ?

ಶರಭದ ವಿಚಾರವನ್ನೇ ನೋಡೋಣ. ಲಿಂಗಪುರಾಣದಲ್ಲಿ ವೀರಭದ್ರನು ಶರಭರೂಪ ತಾಳಿ ನರಸಿಂಹನನ್ನು ಶಾಂತಗೊಳಿಸುತ್ತಾನೆ. ಅರ್ಧ ಸಿಂಹ, ಅರ್ಧ ಪಕ್ಷಿ, ಭೀಕರ ಆಕಾರ. ಇಷ್ಟನ್ನೇ ಓದಿದವನಿಗೆ ಯಾವುದೋ ಮಹಾಪ್ರಾಣಿಯ ನೆನಪೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಗ್ರಂಥಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಬೇಕು. ಅಥರ್ವವೇದದಲ್ಲಿ ಶರಭವು ದುರ್ಗಮ ಸ್ಥಳಗಳನ್ನು ದಾಟಬಲ್ಲ ಒಂದು ಕಾಡುಮೃಗ; ಯಜ್ಞದ ಆಡನ್ನು ಅದಕ್ಕೆ ಹೋಲಿಸಲಾಗಿದೆ. ಮಹಾಭಾರತದ ಹೊತ್ತಿಗೆ ಅದಕ್ಕೆ ಎಂಟು ಕಾಲುಗಳು ಬಂದವು, ಸಿಂಹವನ್ನು ಕೊಲ್ಲುವ ಶಕ್ತಿ ಬಂದಿತು. ಪುರಾಣಗಳಲ್ಲಿ ರೆಕ್ಕೆಯೂ ಮೂಡಿತು. ಇತ್ತ ಅಮರಕೋಶವು ಅದನ್ನು ಮೃಗಗಳ ಸಾಲಿನಲ್ಲಿಯೇ ಎಣಿಸುತ್ತದೆ. ಕಂಡ ಪ್ರಾಣಿಯ ನೆನಪಾಗಿದ್ದರೆ ಕಾಲ ಸರಿದಂತೆ ಮಸುಕಾಗಬೇಕಿತ್ತು. ಇಲ್ಲಿಯೋ ಕಾಲ ಸರಿದಂತೆ ಪ್ರಾಣಿಯೇ ಬೆಳೆದಿದೆ. ಇದು ಕವಿಗಳ ಹಾಗೂ ಭಕ್ತರ ಕೈಯಲ್ಲಿ ಬೆಳೆದ ರೂಪವೆನ್ನದೆ ವಿಧಿಯಿಲ್ಲ. ಎಂಟು ಕಾಲಿನ ಡೈನೋಸಾರ್ ಅಂತೂ ಎಲ್ಲಿಯೂ ಸಿಕ್ಕಿಲ್ಲ.

ಹಕ್ಕಿಗಳನ್ನು ಬಿಟ್ಟರೆ ಡೈನೋಸಾರುಗಳ ವಂಶ ಅಳಿದು ಸುಮಾರು 6.6 ಕೋಟಿ ವರ್ಷಗಳಾದವು. ಮನುಷ್ಯಜಾತಿಯ ವಯಸ್ಸು ಮೂರು ಲಕ್ಷ ವರ್ಷಗಳ ಆಸುಪಾಸು. ಆದುದರಿಂದ ಋಷಿಗಳು ಡೈನೋಸಾರನ್ನು ಕಂಡರೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಆ ಕಾಲದ ಕಲ್ಲುಗಳನ್ನು ಕಂಡರೆ, ಕಂಡು ಏನೆಂದರು ಎಂದು ಕೇಳಬಹುದು. ಇದಕ್ಕೆ ಉತ್ತರ ನಮ್ಮ ದೇವರ ಕೋಣೆಯಲ್ಲಿಯೇ ಇದೆ.

ಗಂಡಕೀ ನದಿಯ ಸಾಲಿಗ್ರಾಮವು ಒಂದು ಪಳೆಯುಳಿಕೆ. ಹಿಮಾಲಯವಿರುವ ಕಡೆ ಟೆಥಿಸ್ ಸಮುದ್ರವಿದ್ದ ಕಾಲದಲ್ಲಿ ಅಮ್ಮೋನೈಟ್ ಎಂಬ ಮೃದ್ವಂಗಿಗಳು ಅದರಲ್ಲಿ ಈಜುತ್ತಿದ್ದವು. ಸುಮಾರು ಹದಿನೈದು ಕೋಟಿ ವರ್ಷಗಳ ಹಿಂದೆ ಕೆಸರಿನಲ್ಲಿ ಹೂತುಹೋದ ಅವುಗಳ ಸುರುಳಿ ಚಿಪ್ಪೇ ನಾವು ಚಕ್ರವೆಂದು ನಮಸ್ಕರಿಸುವ ಗುರುತು. ಅಂದರೆ ಅವು ಡೈನೋಸಾರುಗಳ ಸಮಕಾಲೀನ ಜೀವಿಗಳು. ಹೆಚ್ಚುಕಡಿಮೆ ಅವುಗಳೊಡನೆಯೇ ಅಳಿದವು ಕೂಡ. ಅಗ್ನಿಪುರಾಣವು ಸಾಲಿಗ್ರಾಮಗಳನ್ನು ಬಣ್ಣ, ರಂಧ್ರ, ರೇಖೆ, ಚಕ್ರಗಳ ಸಂಖ್ಯೆ ಇವುಗಳಿಂದ ವಿಂಗಡಿಸುತ್ತದೆ. ಮ್ಯೂಸಿಯಮ್ಮಿನ ಗುಮಾಸ್ತ ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ! ಬ್ರಹ್ಮವೈವರ್ತಪುರಾಣವು ಮುಂದೆ ಹೋಗಿ, ವಜ್ರಕೀಟವೆಂಬ ಹುಳು ಕಲ್ಲನ್ನು ಕೊರೆದು ಚಕ್ರಗಳನ್ನು ಮಾಡುತ್ತದೆ ಎನ್ನುತ್ತದೆ. ವಿವರಣೆ ಸರಿಯಲ್ಲ; ಆದರೆ ಈ ಗುರುತು ಒಂದು ಜೀವಿಯಿಂದಾಯಿತೆಂಬ ಊಹೆ ಎಷ್ಟು ಸೂಕ್ಷ್ಮವಾದುದು! ಪ್ರಾಚೀನರನ್ನು ಹೊಗಳಲೇಬೇಕೆಂದರೆ ಇಲ್ಲಿ ಹೊಗಳೋಣ. ಅವರು ಬರೆಯದುದನ್ನು ಅವರ ತಲೆಗೆ ಕಟ್ಟುವುದು ಬೇಡ.

ಇಂಥ ಪೂಜೆ ಒಂದು ಕಡೆಯದಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡಲ್ಯಾ ಗ್ರಾಮದವರು ಕಾಕಡ್ ಭೈರವನೆಂದು ಪೂಜಿಸುತ್ತಿದ್ದ ಗುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ವರದಿಯಾಯಿತು.

ಇನ್ನು ನಮ್ಮ ಸೀಮೆ. 1956ರಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರಿನಿಂದ, ತಾಂಡೂರು ಗುಲ್ಬರ್ಗದಿಂದ ಬೇರೆಯಾದವು. ಅಡಿಯ ಕಲ್ಲು ಮಾತ್ರ ಬೇರೆಯಾಗಲಿಲ್ಲ. ತಾಂಡೂರಿನ ಪರಸಿ ಶಹಾಬಾದಿನದರ ಒಡಹುಟ್ಟು, ಡೈನೋಸಾರುಗಳಿಗಿಂತ ಎಷ್ಟೋ ಹಳೆಯದು. ಅದರಲ್ಲಿ ಅವುಗಳ ಮೂಳೆ ಹುಡುಕಿ ಪ್ರಯೋಜನವಿಲ್ಲ. ಜಹೀರಾಬಾದಿನ ಎರೆಭೂಮಿಯ ಅಡಿಯ ಕರಿಗಲ್ಲಾದರೋ ಡೈನೋಸಾರುಗಳ ಕೊನೆಗಾಲದ ಸುಮಾರಿಗೆ ಹರಿದ ಲಾವಾ. ವಿಕಾರಾಬಾದಿನ ಕಡೆಯ ನಸ್ಕಲ್ಲಿನಲ್ಲಿ ಇಂಥ ಎರಡು ಲಾವಾ ಪದರಗಳ ನಡುವೆ ಸಿಕ್ಕಿಬಿದ್ದ ಕೆಸರಿನಲ್ಲಿ ಸುಂಡಿಲಿಯಷ್ಟಿನ ಸಸ್ತನಿಯೊಂದರ ಹಲ್ಲುಗಳು ದೊರೆತವು. ಜಿ. ವಿ. ಆರ್. ಪ್ರಸಾದ್ ಹಾಗೂ ಅಶೋಕ್ ಸಾಹ್ನಿಯವರು 1988ರಲ್ಲಿ ಅದಕ್ಕೆ ಡೆಕ್ಕನೊಲೆಸ್ಟಿಸ್ ಎಂದು ಹೆಸರಿಟ್ಟರು. ಭಾರತದಲ್ಲಿ ಆ ಯುಗದ ಸಸ್ತನಿಯ ಮೊದಲ ಕುರುಹು ಅದು. ಶರಭವನ್ನು ಹುಡುಕುವ ಕಣ್ಣಿಗೆ ಇಂಥ ಹಲ್ಲು ಬೀಳುವುದು ಕಷ್ಟ.

ಅದೇ 1988ರಲ್ಲಿ ಪಿ. ಯಾದಗಿರಿಯವರು ಗೋದಾವರಿ ಕಣಿವೆಯ ಯಾಮನಪಲ್ಲಿಯ ಮೂಳೆಗಳಿಗೆ ಕೋಟಸಾರಸ್ ಎಂದು ಹೆಸರಿಟ್ಟರು. ಆ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ. ಚಾರ್ಮಿನಾರ್, ಗೋಲ್ಕೊಂಡಕ್ಕೆ ಮಕ್ಕಳನ್ನು ಕರೆದೊಯ್ಯುವ ಸಹೋದ್ಯೋಗಿಗಳು ಒಂದು ಗಂಟೆಯನ್ನು ಅದಕ್ಕೂ ಮೀಸಲಿಡಲಿ. ಶರಭದ ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಶರಭ ಅಲ್ಲಪ್ಪಾ. ಆದರ ಡೈನೋಸಾರ್ ಕಾಲದ್ದೊಂದು ನಿಮ್ಮ ಓಣ್ಯಾಗ ಯಾರ ಮನಿ ಜಗಲಿ ಮ್ಯಾಲರ ಇರಬೇಕು, ಕೇಳಿ ನೋಡು."