ಕೂಸು ಸುತ್ತುವ ಬಟ್ಟೆ

ಮಗಳು ಹುಟ್ಟಿ ಒಂಬತ್ತನೇ ದಿನ. ರಾತ್ರಿ ಎರಡು ಗಂಟೆಗೆ ನಾನು ಫೋನ್ ಹಿಡ್ಕೊಂಡು ಎಳೆಮಕ್ಕಳ ಸ್ಲೀಪಿಂಗ್ ಬ್ಯಾಗ್ ಹುಡುಕ್ತಾ ಕೂತಿದ್ದೆ. ಒಂದರಲ್ಲಿ ಜಿಪ್ ಮೇಲಿಂದ ಕೆಳಕ್ಕೆ, ಇನ್ನೊಂದರಲ್ಲಿ ಕೆಳಗಿಂದ ಮೇಲಕ್ಕೆ. ಒಂದರ ಮೇಲೆ 0.5 ಟಾಗ್ ಅಂತ ಬರೆದಿದೆ, ಇನ್ನೊಂದರ ಮೇಲೆ 2.5. ನೀರು ಕುಡಿಯೋಕೆ ಎದ್ದ ಅವ್ವ ನನ್ನ ಹೆಗಲ ಮೇಲಿಂದ ಸ್ಕ್ರೀನ್ ನೋಡಿದಳು.

"ಇದೇನ್ಲಾ, ಕೂಸ ಚೀಲಕ್ಕ ತುಂಬದಾ? ರಾಗಿಯಾ ಅದು?"

ಅವ್ವ ಮಾಂಬಳ್ಳಿಯಿಂದ ಬರುವಾಗ ತನ್ನ ಸಾಮಾನು ತಂದೇ ಇದ್ದಳು. ನಮ್ಮಜ್ಜಿಯ ಎರಡು ಹಳೇ ಹತ್ತಿ ಸೀರೆ, ಒಗೆದು ಒಗೆದು ಬಣ್ಣ ಹೋಗಿ, ಕೈಗೆ ಸಿಕ್ಕರೆ ಜಾರುವಷ್ಟು ಮೆತ್ತಗಾದವು. ಅವನ್ನು ಚೌಕ ಹರಿದು, ಎರಡು ಪದರ ಮಾಡಿ, ಕೂಸಿನ ಕೈ ಪಕ್ಕಕ್ಕೆ ಒತ್ತಿ, ಎರಡೂ ಕಾಲು ಜೋಡಿಸಿ ನೇರಕ್ಕೆ ಎಳೆದು, ಬಿಗಿಯಾಗಿ ಸುತ್ತೋದು ಅವಳ ರೀತಿ. ಹಾಗೆ ಸುತ್ತಿದ್ರೆ ಮಗಳು ಎರಡು ಗಂಟೆ ಅಲ್ಲಾಡದೆ ಮಲಗ್ತಿದ್ದಳು. ಕಾಲು ಯಾಕೆ ಎಳೀಬೇಕು ಅಂದ್ರೆ, "ಇಲ್ದಿದ್ರ ಕಾಲ್ ಸೊಟ್ಟ ಆಗೋಯ್ತದ ಕಣಪ್ಪ" ಅಂತಿದ್ದಳು.

ತೊಂದರೆ ಏನಂದ್ರೆ, ಡಿಸ್ಚಾರ್ಜ್ ದಿನ ಡಾಕ್ಟರ್ ಸರಿಯಾಗಿ ಇದರ ವಿರುದ್ಧ ಹೇಳಿದ್ರು. ಮಗು ಹೊಟ್ಟೆಯಲ್ಲಿ ತಲೆ ಮೇಲಾಗಿ ಕೂತಿತ್ತು. ಜೊತೆಗೆ ಹೆಣ್ಣು. ಈ ಎರಡೂ ಇದ್ದಾಗ ಸೊಂಟದ ಕೀಲು ಸಡಿಲ ಇರುವ ಸಾಧ್ಯತೆ ಹೆಚ್ಚು. ಆರು ವಾರಕ್ಕೆ ಒಂದು ಸ್ಕ್ಯಾನ್ ಮಾಡಿಸಿ, ಅಲ್ಲೀತನಕ ಕಾಲು ಮಾತ್ರ ಬಿಗೀಬೇಡಿ ಅಂದ್ರು. ಒಂದು ಕಡೆ ಮೂರು ಮಕ್ಕಳನ್ನು ಸಾಕಿದ ಅವ್ವ, ಇನ್ನೊಂದು ಕಡೆ ಡಾಕ್ಟರ್, ನಡುವೆ ನಿದ್ದೆಗೆಟ್ಟ ಹೆಂಡತಿ. ನಾನು ಇಂಜಿನಿಯರ್. ಜಗಳ ಬಿಡಿಸೋಕೆ ಬರದಿದ್ರೆ ಓದೋಕೆ ಕೂರ್ತೀನಿ. ಓದ್ತಾ ಹೋದ ಹಾಗೆ ಗೊತ್ತಾಗಿದ್ದು, ನಮ್ಮನೆಯ ಈ ಜಗಳಕ್ಕೆ ಸುಮಾರು 1,900 ವರ್ಷ ವಯಸ್ಸಾಗಿದೆ ಅನ್ನೋದು.

ಎರಡನೇ ಶತಮಾನದ ಶುರುವಿನಲ್ಲಿ ರೋಮ್‌ನಲ್ಲಿ ವೈದ್ಯ ಮಾಡ್ತಿದ್ದ ಎಫೆಸಸ್ ಊರಿನ ಸೊರಾನಸ್, ಹೆರಿಗೆ ಮತ್ತು ಶಿಶುಪಾಲನೆ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ. ಕೂಸನ್ನು ಮೆತ್ತನೆಯ ಉಣ್ಣೆ ಪಟ್ಟಿಯಲ್ಲಿ ಹೇಗೆ ಸುತ್ತಬೇಕು, ಕೈಯನ್ನು ಮೊದಲೋ ಕಾಲನ್ನು ಮೊದಲೋ, ಎಲ್ಲವನ್ನೂ ಅದರಲ್ಲಿ ವಿವರವಾಗಿ ಹೇಳಿದ್ದಾನೆ. ಉದ್ದೇಶ ಬರೀ ಬೆಚ್ಚಗಿಡೋದಲ್ಲ. ಎಳೆ ಮೈ ಮೇಣದ ಹಾಗೆ, ಸುತ್ತಿದ ಆಕಾರಕ್ಕೆ ಬೆಳೆಯುತ್ತೆ ಅನ್ನೋದು ಆ ಕಾಲದ ನಂಬಿಕೆ. ರೋಮ್‌ನ ವೈದ್ಯನಿಗೂ ಮಾಂಬಳ್ಳಿಯ ಅವ್ವನಿಗೂ ಒಂದೇ ಭಯ: ಕಟ್ಟದಿದ್ರೆ ಕಾಲು ಸೊಟ್ಟ ಆಗುತ್ತೆ.

ಯುರೋಪಿನಲ್ಲಿ ಈ ಪದ್ಧತಿ ನೂರಾರು ವರ್ಷ ನಡೀತು. ಇಟಲಿಯ ಫ್ಲಾರೆನ್ಸ್‌ನಲ್ಲಿ ಅನಾಥ ಮಕ್ಕಳಿಗಾಗಿ ಕಟ್ಟಿದ ಒಂದು ಹಳೇ ಆಸ್ಪತ್ರೆ ಇದೆ. ಅದರ ಕಮಾನುಗಳ ಮೇಲೆ ಆಂದ್ರೆಯಾ ದೆಲ್ಲಾ ರಾಬಿಯಾ 1487ರ ಹೊತ್ತಿಗೆ ಮಾಡಿದ ನೀಲಿ ಬಿಲ್ಲೆಗಳಿವೆ. ಪ್ರತಿಯೊಂದರಲ್ಲೂ ಪಟ್ಟಿ ಸುತ್ತಿದ ಒಂದು ಕೂಸು. ಅಮೆರಿಕದ ಮಕ್ಕಳ ವೈದ್ಯರ ಸಂಘದ ಮುದ್ರೆಯಲ್ಲಿರೋದು ಅದೇ ಕೂಸು. ಸುತ್ತೋದರಲ್ಲಿ ಹುಷಾರಾಗಿರಿ ಅಂತ ಇವತ್ತು ಜಗತ್ತಿಗೆಲ್ಲ ಹೇಳೋ ಸಂಘದ ಲಾಂಛನದಲ್ಲೇ ಸುತ್ತಿದ ಕೂಸು!

ತಿರುವು ಬಂದಿದ್ದು ಹದಿನೆಂಟನೇ ಶತಮಾನದಲ್ಲಿ. ಇಂಗ್ಲೆಂಡಿನ ವೈದ್ಯ ವಿಲಿಯಂ ಕಡೋಗನ್ 1748ರಲ್ಲಿ ಬರೆದ ಶಿಶುಪಾಲನೆಯ ಪುಸ್ತಿಕೆಯಲ್ಲಿ ಇಷ್ಟೊಂದು ಬಟ್ಟೆ, ಇಷ್ಟು ಬಿಗಿ ಬೇಡ ಅಂದ. 1762ರಲ್ಲಿ ರೂಸೋ ತನ್ನ 'ಎಮಿಲ್' ಕೃತಿಯಲ್ಲಿ ಇನ್ನೂ ಜೋರಾಗಿ ಬೈದ. ಕೂಲಿಗೆ ಹಾಲು ಕುಡಿಸೋ ದಾದಿಯರು ಸುತ್ತಿದ ಮಗುವನ್ನು ಗೋಡೆ ಮೊಳೆಗೆ ಗಂಟಿನ ಹಾಗೆ ನೇತುಹಾಕಿ ತಮ್ಮ ಕೆಲಸಕ್ಕೆ ಹೋಗ್ತಾರೆ ಅಂತ ಅವನ ದೂರು. ಮನುಷ್ಯನ ಮೊದಲ ಬಂಧನವೇ ಈ ಬಟ್ಟೆ ಅನ್ನೋದು ಅವನ ವಾದ. ಅವನು ತನ್ನ ಸ್ವಂತ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟು ಬಂದಿದ್ದ ಅನ್ನೋದು ಬೇರೆ ಮಾತು. ಆದ್ರೆ ಆಮೇಲಾಮೇಲೆ ಪಶ್ಚಿಮ ಯುರೋಪಿನಲ್ಲಿ ಬಿಗಿ ಪಟ್ಟಿ ಹಿಂದೆ ಸರೀತು.

ಈಗ ನಮ್ಮೂರಿಗೆ ಬರ್ತೀನಿ. ನಮ್ಮದು ರೇಷ್ಮೆ ಸೀಮೆ. ಟಿಪ್ಪು ಕಾಲದಲ್ಲಿ ಮೈಸೂರು ರಾಜ್ಯಕ್ಕೆ ಬಂದ ರೇಷ್ಮೆ, ಆಮೇಲೆ ಕೊಳ್ಳೇಗಾಲದ ಸುತ್ತಮುತ್ತ ಚೆನ್ನಾಗಿ ಬೇರುಬಿಡ್ತು. ಪಕ್ಕದ ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಸಿಕ್ಕ ಜಹಗೀರು. ಆಡಳಿತ ಯಾರದ್ದಾದ್ರೂ ಹೊಲದಲ್ಲಿ ಹಿಪ್ಪುನೇರಳೆ, ಮನೆಯೊಳಗೆ ಹುಳ. ಮಾಂಬಳ್ಳಿಯಲ್ಲಿ ಗೂಡಿನಿಂದ ನೂಲು ಬಿಚ್ಚೋ ಸರ್ಕಾರಿ ಕಾರ್ಖಾನೆಯೇ ಇತ್ತು. ನಮ್ಮಜ್ಜಿಯ ಬೆರಳ ತುದಿ ಬಿಸಿನೀರಿನ ಬಾನಿಯಲ್ಲಿ ಗೂಡು ತಿರುವಿ ತಿರುವಿ ಬೆಂದು ಬಿಳಿಚಿಕೊಂಡಿರ್ತಿತ್ತು.

ಆದ್ರೂ ನಮ್ಮನೇಲಿ ಯಾವ ಕೂಸನ್ನೂ ರೇಷ್ಮೆಯಲ್ಲಿ ಸುತ್ತಿದ್ದಿಲ್ಲ. ದುಡ್ಡಿಲ್ಲ ಅನ್ನೋದು ಒಂದು ಕಾರಣ. ಆದ್ರೆ ದುಡ್ಡಿದ್ರೂ ಸುತ್ತಬಾರದಿತ್ತು. ಕೂಸಿನ ಬಟ್ಟೆ ದಿನಕ್ಕೆ ಹತ್ತು ಸಲ ಒದ್ದೆಯಾಗುತ್ತೆ. ಸೋಪು ಹಾಕಿ ಉಜ್ಜಬೇಕು, ಬಿಸಿನೀರಲ್ಲಿ ಅದ್ದಬೇಕು, ಸುಡು ಬಿಸಿಲಲ್ಲಿ ಒಣಗಿಸಬೇಕು. ರೇಷ್ಮೆ ಇದನ್ನು ತಡೆಯಲ್ಲ, ಹತ್ತಿ ತಡೆಯುತ್ತೆ. ಅದರಲ್ಲೂ ಹಳೇ ಹತ್ತಿ. ಹೊಸ ಬಟ್ಟೆಯ ಗಂಜಿ ಪೂರಾ ಹೋಗಿ, ಎಳೆ ಸಡಿಲವಾಗಿ, ಗಾಳಿ ಆಡುವ ಹಾಗಾಗಿರುತ್ತೆ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು ಅನ್ನೋ ಶಾಸ್ತ್ರದ ಹಿಂದೆ ದೃಷ್ಟಿಯ ಭಯ ಏನೇ ಇರಲಿ, ಚರ್ಮದ ಲೆಕ್ಕದಲ್ಲಿ ಅದು ಸರಿ. ನನ್ನ ಫೋನಿನಲ್ಲಿ 1,200 ರೂಪಾಯಿಗೆ ತೋರಿಸ್ತಿದ್ದ 'ಪ್ರೀಮಿಯಂ ಮಸ್ಲಿನ್ ಸ್ವಾಡಲ್' ಬೇರೇನೂ ಅಲ್ಲ, ತೆಳ್ಳಗೆ ಸಡಿಲವಾಗಿ ನೇಯ್ದು ಮೊದಲೇ ತೊಳೆದ ಹತ್ತಿ ಬಟ್ಟೆ. ಮಸ್ಲಿನ್‌ಗೆ ಹೆಸರುವಾಸಿಯಾಗಿದ್ದ ಢಾಕಾ ಇರೋದು ನಮ್ಮ ಉಪಖಂಡದಲ್ಲೇ. ನಮ್ಮಜ್ಜಿ ಸೀರೆ ಈ ಪರೀಕ್ಷೆಯಲ್ಲಿ ಪೂರ್ತಿ ಪಾಸು.

ಕೈ ಸುತ್ತೋದಕ್ಕೂ ಕಾರಣ ಇದೆ. ಎಳೆಕೂಸು ನಿದ್ದೇಲಿ ಬೆಚ್ಚಿಬಿದ್ದು ಎರಡೂ ಕೈ ಚಾಚುತ್ತಲ್ಲ, ಜರ್ಮನಿಯ ಮಕ್ಕಳ ವೈದ್ಯ ಅರ್ನ್‌ಸ್ಟ್ ಮೋರೋ 1918ರಲ್ಲಿ ಅದನ್ನು ವಿವರಿಸಿದ. ಇವತ್ತಿಗೂ ಅದು ಮೋರೋ ಪ್ರತಿಕ್ರಿಯೆ ಅಂತಲೇ ಹೆಸರಾಗಿದೆ. ನಾಲ್ಕೈದು ತಿಂಗಳಲ್ಲಿ ತಾನಾಗೇ ಹೋಗುತ್ತೆ. ನಮ್ಮೂರಲ್ಲಿ ಅದಕ್ಕೆ ತೊಟ್ಟಿಲ ಕೆಳಗೆ ಕಬ್ಬಿಣದ ಚೂರು ಇಡ್ತಾರೆ. ಕಬ್ಬಿಣ ಏನೂ ಮಾಡಲ್ಲ. ಸುತ್ತಿದ ಬಟ್ಟೆ ಮಾತ್ರ ಕೈ ಹಾರದ ಹಾಗೆ ಹಿಡಿಯುತ್ತೆ, ಕೂಸು ಮತ್ತೆ ನಿದ್ದೆಗೆ ಜಾರುತ್ತೆ.

ಸೋಲೋದು ಕಾಲಿನ ವಿಷಯದಲ್ಲಿ. ಹೊಟ್ಟೆಯೊಳಗೆ ಮಗು ಮಂಡಿ ಮಡಚಿ ಕೂತಿರುತ್ತೆ. ಹುಟ್ಟಿದ ಮೇಲೂ ಕೆಲವು ತಿಂಗಳು ಕಪ್ಪೆ ಹಾಗೆ ಕಾಲು ಮಡಚಿ ಅಗಲಿಸಿಕೊಂಡಿರೋದೇ ಅದರ ಸಹಜ ಭಂಗಿ. ಸೊಂಟದ ಗುಳಿ ಆಗಿನ್ನೂ ಬಹುಪಾಲು ಮೃದ್ವಸ್ಥಿ. ತೊಡೆಮೂಳೆಯ ಗುಂಡು ತಲೆ ಆ ಗುಳಿಯಲ್ಲಿ ಸರಿಯಾಗಿ ಕೂತಿದ್ರೆ ಗುಳಿ ಆಳವಾಗಿ ಬೆಳೆಯುತ್ತೆ. ಕಾಲನ್ನು ನೇರಕ್ಕೆ ಎಳೆದು ಜೋಡಿಸಿ ಕಟ್ಟಿದ್ರೆ ಆ ಗುಂಡು ಹೊರಕ್ಕೆ ಜರುಗೋ ಕಡೆಗೆ ಒತ್ತಡ ಬೀಳುತ್ತೆ. ಅಮೆರಿಕದ ನವಾಹೋ ಜನ ಕೂಸನ್ನು ಹಲಗೆಗೆ ಕಟ್ಟಿ ಒಯ್ಯುತ್ತಿದ್ರು, ಅವರಲ್ಲಿ ಸೊಂಟದ ತೊಂದರೆ ಹೆಚ್ಚು ಕಂಡಿತ್ತು. ಕೂಸನ್ನು ಕಾಲು ಅಗಲಿಸಿ ಬೆನ್ನಿಗೆ ಕಟ್ಟಿಕೊಳ್ಳೋ ಆಫ್ರಿಕಾದ ಸಮುದಾಯಗಳಲ್ಲಿ ಅದು ಬಹಳ ಅಪರೂಪ.

ಗಟ್ಟಿ ಸಾಕ್ಷಿ ಸಿಕ್ಕಿದ್ದು ಜಪಾನಿನಲ್ಲಿ. ಅಲ್ಲಿ ಮಕ್ಕಳ ಕಾಲನ್ನು ನೇರ ಹಿಡಿಯೋ ಹಾಗೆ ಬಟ್ಟೆ ಕಟ್ಟೋ ರೂಢಿ ಇತ್ತು. 1970ರ ದಶಕದ ಮಧ್ಯದಲ್ಲಿ ವೈದ್ಯರು ದೇಶದುದ್ದಕ್ಕೂ ಒಂದು ಆಂದೋಲನ ಮಾಡಿದ್ರು. ಅಜ್ಜಿಯಂದಿರಿಗೂ ಸೂಲಗಿತ್ತಿಯರಿಗೂ ಹೇಳಿದ್ದು ಒಂದೇ ಮಾತು: ಕಾಲು ಎಳೀಬೇಡಿ, ಮಡಚಿದ ಹಾಗೇ ಬಿಡಿ. ನೂರಕ್ಕೆ ಒಂದಕ್ಕಿಂತ ಹೆಚ್ಚು ಮಕ್ಕಳಲ್ಲಿ ಕಾಣ್ತಿದ್ದ ಸೊಂಟ ಜಾರುವಿಕೆ ಸಾವಿರಕ್ಕೆ ಎರಡು ಮೂರಕ್ಕೆ ಇಳೀತು. ಔಷಧಿ ಇಲ್ಲ, ಆಪರೇಷನ್ ಇಲ್ಲ. ಬಟ್ಟೆ ಸುತ್ತೋ ರೀತಿ ಬದಲಾಯ್ತು, ಅಷ್ಟೇ.

ಇದನ್ನು ಅವ್ವನಿಗೆ ಓದಿ ಹೇಳಿದೆ. ಗೆದ್ದೆ ಅಂದ್ಕೊಂಡಿದ್ದೆ. ಅವಳು ತುಂಬ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಹಂಗಾರ ನಿಮ್ಮತ್ತ?" ಅಂದಳು.

ನನ್ನ ಚಿಕ್ಕ ಸೋದರತ್ತೆ ನಡೆಯೋಕೆ ಶುರುಮಾಡಿದ ದಿನದಿಂದ ಕುಂಟುತ್ತಾಳೆ. ಯಾರೂ ಎಕ್ಸ್‌ರೇ ತೆಗೆಸಲಿಲ್ಲ. ಹಿಂದಿನ ಜನ್ಮದ್ದು ಅಂದ್ರು, ಗ್ರಹಣದ್ದು ಅಂದ್ರು. ಗ್ರಹಣದ ದಿನ ಹೊರಗೆ ಬಂದಿದ್ದೆ ಅಂತ ಅಜ್ಜಿ ಸಾಯೋವರೆಗೂ ತನ್ನನ್ನೇ ಬೈಕೊಂಡಳು. ಅತ್ತೆಯದು ಬಟ್ಟೆಯಿಂದ ಆಗಿದ್ದು ಅಂತ ಹೇಳೋ ಹಕ್ಕು ನನಗಿಲ್ಲ, ಸುತ್ತದೆ ಇದ್ದ ಮಕ್ಕಳಿಗೂ ಇದು ಬರುತ್ತೆ. ಅವ್ವನಿಗೆ ಅದನ್ನೇ ಹೇಳಿದೆ. ಆದ್ರೆ ಗ್ರಹಣದಿಂದ ಅಲ್ಲ ಅಂತ ಮಾತ್ರ ಖಂಡಿತ ಹೇಳಬಲ್ಲೆ. ಅವ್ವನಿಗೆ ಒಂದು ಒಳ್ಳೇ ಸುದ್ದಿನೂ ಹೇಳಿದೆ. ಕೂಸಿಗೆ ಕತ್ತು ನಿಂತ ಮೇಲೆ ನಮ್ಮವರು ಕಾಲು ಅಗಲಿಸಿ ಸೊಂಟದ ಮೇಲೆ ಎತ್ತಿಕೊಂಡು ಓಡಾಡ್ತಾರಲ್ಲ, ಆ ಕೀಲಿಗೆ ಬೇಕಾದ ಭಂಗಿ ಅದೇ.

ಹಾಗಂತ ತಪ್ಪೆಲ್ಲ ಅಜ್ಜಿಯಂದಿರದ್ದು ಅಂದ್ಕೋಬೇಡಿ. ಡಾಕ್ಟರುಗಳ ಚರಿತ್ರೆ ಇದಕ್ಕಿಂತ ಭಯಂಕರ. ಮಗುವನ್ನು ಬೋರಲು ಮಲಗಿಸಿ ಅನ್ನೋ ಸಲಹೆ 1950ರ ದಶಕದಿಂದ ಪಶ್ಚಿಮದಲ್ಲಿ ಹರಡಿತು. ಮನೆಮನೆಯಲ್ಲಿದ್ದ ಡಾಕ್ಟರ್ ಸ್ಪಾಕ್ ಅವರ ಪುಸ್ತಕದಲ್ಲೂ ಅದು ಸೇರಿತು. ಬೋರಲು ಮಲಗಿದ ಮಕ್ಕಳು ನಿದ್ದೆಯಲ್ಲೇ ತೀರಿಕೊಳ್ಳೋದು ಹೆಚ್ಚು ಅನ್ನೋ ಸಾಕ್ಷಿ 1970ರಷ್ಟರಲ್ಲೇ ಇತ್ತು, ಯಾರೂ ಕೂಡಿಸಿ ನೋಡಲಿಲ್ಲ. ಬ್ರಿಟನ್ 1991ರಲ್ಲಿ, ಅಮೆರಿಕ 1994ರಲ್ಲಿ ಅಂಗಾತ ಮಲಗಿಸಿ ಅನ್ನೋ ಆಂದೋಲನ ಶುರುಮಾಡಿದ ಮೇಲೆ ಅಂಥ ಸಾವು ಅರ್ಧಕ್ಕಿಂತ ಕೆಳಗೆ ಬಂತು. ಸಾಕ್ಷಿಯನ್ನು ಸಕಾಲದಲ್ಲಿ ಓದಿದ್ರೆ ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಕಡೆ ಸುಮಾರು 50,000 ಮಕ್ಕಳು ಉಳೀತಿದ್ರು ಅಂತ 2005ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಆ ಅಷ್ಟೂ ವರ್ಷ ನಮ್ಮಜ್ಜಿ ಯಾವ ಪುಸ್ತಕವನ್ನೂ ಓದದೆ ಕೂಸನ್ನು ಅಂಗಾತವೇ ಮಲಗಿಸ್ತಿದ್ದಳು.

ಸ್ಲೀಪಿಂಗ್ ಬ್ಯಾಗ್ ಜನಪ್ರಿಯವಾಗಿದ್ದಕ್ಕೂ ಇದಕ್ಕೂ ಸಂಬಂಧ ಇದೆ. ಸಡಿಲ ಹೊದಿಕೆ ಮುಖದ ಮೇಲೆ ಬಂದ್ರೆ ಅಪಾಯ. ಅದಕ್ಕೇ ತೋಳಿಲ್ಲದ ಅಂಗಿ ಹಾಗೆ ತೊಡಿಸೋ ಹೊದಿಕೆ. ಟಾಗ್ ಅನ್ನೋದು ಬಟ್ಟೆ ಎಷ್ಟು ಶಾಖ ಹಿಡಿಯುತ್ತೆ ಅನ್ನೋ ಅಳತೆ. 1940ರ ದಶಕದಲ್ಲಿ ಮ್ಯಾಂಚೆಸ್ಟರಿನ ಶರ್ಲಿ ಇನ್‌ಸ್ಟಿಟ್ಯೂಟ್ ಮಾಡಿದ್ದು. ಕೋಣೆ 24 ಡಿಗ್ರಿ ದಾಟಿದ್ರೆ 0.5, 20ರಿಂದ 24ರವರೆಗೆ 1, ಅದಕ್ಕಿಂತ ಚಳಿ ಇದ್ರೆ 2.5 ಅನ್ನೋದು ರೂಢಿಯ ಲೆಕ್ಕ. ಬೆಂಗಳೂರಿನ ಫ್ಲ್ಯಾಟಿಗೆ 2.5 ಬೇಕಾಗೋದು ಅಪರೂಪ. ಅತಿ ಶಾಖವೂ ಎಳೆಮಕ್ಕಳಿಗೆ ಅಪಾಯವೇ.

ನಿಜಕ್ಕೂ ಚೀಲವೇ ಬೇಕಾಗೋದು ತೂಕ ಕಡಿಮೆ ಹುಟ್ಟಿದ ಮಕ್ಕಳಿಗೆ. 2007ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ಕ್ಲಾಸ್ ಪ್ರಾಜೆಕ್ಟ್ ಆಗಿ ಶುರುವಾದ 'ಎಂಬ್ರೇಸ್' ಬೆಂಗಳೂರಿಗೆ ಬಂದು ನೆಲೆಸಿ, 2011ರಲ್ಲಿ ಇಲ್ಲಿಂದಲೇ ಹೊರಬಂತು. ನೋಡೋಕೆ ಪುಟ್ಟ ಸ್ಲೀಪಿಂಗ್ ಬ್ಯಾಗ್. ಒಳಗೆ ಮೇಣದಂಥ ವಸ್ತುವಿನ ಚೀಲ. ಒಮ್ಮೆ ಕಾಯಿಸಿದ್ರೆ ಕರೆಂಟಿಲ್ಲದೆ ನಾಲ್ಕು ಗಂಟೆಯಷ್ಟು ಹೊತ್ತು 37 ಡಿಗ್ರಿಯ ಹತ್ತಿರ ಇರುತ್ತೆ. ಅದಕ್ಕೂ ಹಿಂದೆ, 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಹೋದಾಗ ಡಾಕ್ಟರ್ ಎಡ್ಗರ್ ರೇ ಇನ್ನೂ ಸರಳ ದಾರಿ ಹಿಡಿದ್ರು. ಕೂಸನ್ನು ತಾಯಿಯ ಬರಿ ಎದೆಗೆ ಒರಗಿಸಿ ಬಟ್ಟೆ ಕಟ್ಟೋದು. ಕಾಂಗರೂ ಆರೈಕೆ ಅಂತ ಅದಕ್ಕೆ ಹೆಸರು. ನಮ್ಮೂರ ಬಾಣಂತಿ ಚಳಿಯಲ್ಲಿ ಕೂಸನ್ನು ಸೆರಗಿನೊಳಗೆ ಎದೆಗವಚಿಕೊಳ್ಳೋದು ಇದಕ್ಕೆ ತುಂಬ ಹತ್ತಿರ.

ಕೊನೆಗೆ ನಾವು ಮಾಡಿದ್ದು ಇಷ್ಟು. ಮೊದಲ ಎರಡು ತಿಂಗಳು ಅಜ್ಜಿ ಸೀರೆಯನ್ನೇ ಸುತ್ತೋದು. ಕೈ ಒಳಗೆ, ಎದೆಯ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ, ಸೊಂಟದ ಕೆಳಗೆ ಜೋಳಿಗೆ ಹಾಗೆ ಅಗಲ. ಯಾವಾಗಲೂ ಅಂಗಾತ. ಮಗಳು ಮಗುಚೋಕೆ ನೋಡಿದ ದಿನವೇ ಸುತ್ತೋದು ಬಂದ್. ಆಮೇಲೆ ಸ್ಲೀಪಿಂಗ್ ಬ್ಯಾಗ್: 1 ಟಾಗ್, ತಲೆಗವಸು ಇಲ್ಲದ್ದು, ಕೆಳಗೆ ಅಗಲ ಇರೋದು, ಕುತ್ತಿಗೆ ಹತ್ತಿರ ಜಾರದ್ದು. ಒಳಗೆ ಭಾರ ತುಂಬಿಸಿ 'ತಬ್ಬಿಕೊಂಡ ಹಾಗಿರುತ್ತೆ' ಅಂತ ಮಾರೋದು ಬೇಡವೇ ಬೇಡ, ಅಮೆರಿಕದ ಅದೇ ಮಕ್ಕಳ ವೈದ್ಯರ ಸಂಘ 2022ರಲ್ಲಿ ಅದನ್ನು ಬಳಸಬಾರದು ಅಂದಿದೆ.

ಆರನೇ ವಾರದ ಸ್ಕ್ಯಾನಿಗೆ ಅವ್ವನೂ ಬಂದಳು. ಎರಡೂ ಕೀಲು ಸರಿ ಇದ್ದವು. ಮನೆಗೆ ಬಂದ ಮೇಲೆ ಊರಿಗೆ ಫೋನ್ ಮಾಡಿ ಅತ್ತೆಯ ಜೊತೆ ತುಂಬ ಹೊತ್ತು ಮಾತಾಡಿದಳು. ಏನು ಅಂತ ನಾನು ಕೇಳಲಿಲ್ಲ. "ಗ್ರಹಣದ್ದಲ್ವಂತೆ ಕಣವ್ವ" ಅನ್ನೋದಷ್ಟೇ ಅಡುಗೆಮನೆಯಿಂದ ಕೇಳಿಸ್ತು.

ಆ ರಾತ್ರಿ ಮಗಳನ್ನು ಸುತ್ತಿ ಮಲಗಿಸಿ, ಬಟ್ಟೆ ಮೇಲೆ ಕೈಯಿಟ್ಟು, ಅವ್ವ ನನ್ನನ್ನೇ ಕರೆದಳು. "ನೋಡ್ಲಾ, ಕಾಲು ಆಡ್ತದಾ?"

ಆಡ್ತಿತ್ತು.