ಲ್ಯೂಬೆಕ್

ಉತ್ತರ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದಲ್ಲಿ ಟ್ರಾವೆ ನದಿಯ ದಡದಲ್ಲಿರುವ ಬಂದರು ನಗರ. ಹ್ಯಾಂಬರ್ಗಿನಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆಯ ದಾರಿ. ಸುತ್ತಲೂ ನೀರಿರುವ ಇಲ್ಲಿನ ಹಳೆಯ ಪೇಟೆ ಇಟ್ಟಿಗೆಯ ಗಾಥಿಕ್ ಕಟ್ಟಡಗಳಿಗೆ ಹೆಸರಾಗಿದೆ. ಅದರ ಮುಖ್ಯ ಭಾಗಗಳು 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಊರು ಹುಟ್ಟಿದ್ದು 1143ರಲ್ಲಿ. ಬೆಂಕಿಗೆ ಆಹುತಿಯಾದ ಮೇಲೆ 1159ರಲ್ಲಿ ಸ್ಯಾಕ್ಸನಿಯ ಡ್ಯೂಕ್ ಹೆನ್ರಿ ಅದನ್ನು ಮತ್ತೆ ಕಟ್ಟಿಸಿದ. 1226ರಲ್ಲಿ ಚಕ್ರವರ್ತಿಯೊಬ್ಬನಿಗೆ ಮಾತ್ರ ಅಧೀನವಾದ ಸ್ವತಂತ್ರ ನಗರವಾಯಿತು. ಬಾಲ್ಟಿಕ್ ವ್ಯಾಪಾರವನ್ನು ಆಳಿದ ಹಾನ್ಸಾ ವರ್ತಕಸಂಘಕ್ಕೆ ಇದೇ ಹಿರಿಯ ಊರು. ಲ್ಯೂನೆಬರ್ಗಿನ ಉಪ್ಪು ಇಲ್ಲಿಗೆ ಬಂದು, ಹೆರಿಂಗ್ ಮೀನನ್ನು ಕೆಡದಂತಿಡಲು ಸ್ಕ್ಯಾಂಡಿನೇವಿಯಕ್ಕೆ ಹೋಗುತ್ತಿತ್ತು. ಆ ಉಪ್ಪಿನ ಉಗ್ರಾಣಗಳು ನದಿಯಂಚಿನಲ್ಲಿ ಇಂದಿಗೂ ಸಾಲಾಗಿ ನಿಂತಿವೆ.

ಈ ಬಯಲು ಸೀಮೆಯಲ್ಲಿ ಕಟ್ಟಡದ ಕಲ್ಲಿಲ್ಲ, ಜೇಡಿಮಣ್ಣು ಬೇಕಾದಷ್ಟಿದೆ. ಫ್ರಾನ್ಸಿನಲ್ಲಿ ಕಲ್ಲಿನಲ್ಲಿ ಕಡೆದದ್ದನ್ನು ಇಲ್ಲಿನವರು ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿದರು. ವರ್ತಕರ ಮತ್ತು ನಗರಸಭೆಯ ಚರ್ಚಾದ ಮರಿಯೆನ್‌ಕಿರ್ಷೆಯ ಒಳಚಾವಣಿ 38.5 ಮೀಟರ್ ಎತ್ತರದಲ್ಲಿದೆ. ಇಟ್ಟಿಗೆಯ ಕಮಾನು ಚಾವಣಿಗಳಲ್ಲಿ ಜಗತ್ತಿನಲ್ಲೇ ಇದು ಅತಿ ಎತ್ತರದ್ದು. ಬಿಷಪ್ಪನ ಚರ್ಚನ್ನು ಮೀರಿಸಬೇಕೆಂಬ ವರ್ತಕರ ಹಟ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಪಕ್ಕದ ಪುರಭವನದ ಎತ್ತರದ ಗೋಡೆಯಲ್ಲಿ ದೊಡ್ಡ ದುಂಡು ಕಿಂಡಿಗಳಿವೆ. ನೋಡಲು ಅಲಂಕಾರವೆನಿಸಿದರೂ ಗಾಳಿಯ ಹೊಡೆತ ತಗ್ಗಿಸುವುದು ಅವುಗಳ ಕೆಲಸ.

1942ರ ಮಾರ್ಚ್ 28ರ ರಾತ್ರಿ ಬ್ರಿಟಿಷ್ ವಿಮಾನಗಳ ಬಾಂಬಿಗೆ ಹಳೆಯ ಪೇಟೆಯ ಐದನೆಯ ಒಂದು ಭಾಗ ಸುಟ್ಟುಹೋಯಿತು. ಮರಿಯೆನ್‌ಕಿರ್ಷೆಯ ಗೋಪುರದಿಂದ ಕಳಚಿ ಬಿದ್ದ ಗಂಟೆಗಳನ್ನು ಯಾರೂ ಎತ್ತಿಲ್ಲ. ಒಡೆದು, ನೆಲದಲ್ಲಿ ಹೂತು, ಬಿದ್ದಲ್ಲೇ ಇವೆ. ಬೆಂಕಿಯ ಝಳಕ್ಕೆ ಸುಣ್ಣ ಉದುರಿ ಮಧ್ಯಯುಗದ ಭಿತ್ತಿಚಿತ್ರಗಳ ಕುರುಹು ಹೊರಬಿತ್ತು. ಅವುಗಳ ಜೀರ್ಣೋದ್ಧಾರವನ್ನು ದೇಶವೇ ಕೊಂಡಾಡಿತು. 1952ರಲ್ಲಿ ಲೋಥಾರ್ ಮಾಲ್ಸ್‌ಕಾಟ್ ಎಂಬ ಕಲಾವಿದ, ಅವುಗಳಲ್ಲಿ ಬಹಳಷ್ಟನ್ನು ತಾನೇ ಹೊಸದಾಗಿ ಬರೆದದ್ದೆಂದು ಸಾರಿದ, ಮುಂದೆ ಜೈಲು ಸೇರಿದ. ಪಂಡಿತರ ಮುಖಭಂಗಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಕಲೆಯ ಚರಿತ್ರೆಯಲ್ಲಿ ವಿರಳ.

ಊರಿನ ಗುರುತಾದ ಹೋಲ್‌ಸ್ಟೆನ್ ಬಾಗಿಲು 1464ರಿಂದ 1478ರ ನಡುವೆ ಕಟ್ಟಿದ ಜೋಡಿಗೋಪುರದ ಕೋಟೆಬಾಗಿಲು. ಜೌಗುನೆಲದಲ್ಲಿ ಕುಸಿದು ವಾಲಿಕೊಂಡಿದೆ. ಕೆಡವಿಹಾಕಬೇಕೆಂಬ ಪ್ರಸ್ತಾವ 1863ರಲ್ಲಿ ಒಂದೇ ಮತದಿಂದ ಬಿದ್ದುಹೋಯಿತು. ಮುಂದೆ ಅದೇ ಬಾಗಿಲು 50 ಮಾರ್ಕಿನ ನೋಟಿನ ಮೇಲೆ ಅಚ್ಚಾಯಿತು.

ಸಂಗೀತಗಾರ ಬುಕ್ಸ್‌ಟೆಹೂಡೆ ಮರಿಯೆನ್‌ಕಿರ್ಷೆಯಲ್ಲಿ ಆರ್ಗನ್ ನುಡಿಸುತ್ತಿದ್ದ. ಅದನ್ನು ಕೇಳಲು 1705ರಲ್ಲಿ ತರುಣ ಬಾಖ್ ಆರ್ನ್‌ಸ್ಟಾಟ್‌ನಿಂದ ನಡೆದುಕೊಂಡೇ ಬಂದ. ಕಾದಂಬರಿಕಾರ ಥಾಮಸ್ ಮನ್ ಹುಟ್ಟಿದ್ದು ಇಲ್ಲೇ, 1875ರಲ್ಲಿ. ಇಲ್ಲಿನ ಬಾದಾಮಿಯ ಮಿಠಾಯಿ ಮಾರ್ಜಿಪಾನ್ ಕೂಡ ಪ್ರಸಿದ್ಧ.

ಪೇಟ್ರಿಕಿರ್ಷೆ ಎಂಬ ಚರ್ಚಿನ ಗೋಪುರಕ್ಕೆ ಲಿಫ್ಟ್ ಇದೆ. ಮೇಲಿಂದ ಇಡೀ ನಡುಗಡ್ಡೆ ಕಾಣುತ್ತದೆ. ಆದರೂ ಕೋಟೆಬಾಗಿಲಿನ ಮುಂದೆ ಫೋಟೊ ತೆಗೆಸಿಕೊಂಡು ಮರಳುವವರೇ ಹೆಚ್ಚು. ಅವರು ಊರನ್ನು ನೋಡಿದರೆನ್ನಲಾಗದು. ಬೀದಿಬದಿಯ ಮನೆಗಳ ಅಡಿಯಲ್ಲಿ ತಲೆತಗ್ಗಿಸಿ ನುಸುಳಬೇಕಾದ ಓಣಿಗಳಿವೆ. ಒಳಗೆ ಪುಟ್ಟ ಮನೆಗಳ ಸಾಲು, ಹೂಗಿಡ, ಒಣಹಾಕಿದ ಬಟ್ಟೆ. ಬಹಳಷ್ಟು ಓಣಿಗಳು ಹಗಲಿನಲ್ಲಿ ತೆರೆದಿರುತ್ತವೆ. ಜನ ವಾಸವಿರುವ ಜಾಗವಾದ್ದರಿಂದ ಗದ್ದಲ ಮಾಡದೆ ನಡೆದುಹೋಗಬೇಕು.