ಹೊಸಪೇಟೆ ಸೀಮೆಯಲ್ಲಿ ಶಿಶುಪೋಷಣೆಯ ಶಿಕ್ಷಣ: ಸೂಲಗಿತ್ತಿಯಿಂದ ಆಶಾ ಕಾರ್ಯಕರ್ತೆಯವರೆಗೆ

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಅರಸರು, ದೇವಾಲಯಗಳು, ಕೋಟೆಕೊತ್ತಲಗಳು. ಇದೇ ನೆಲದಲ್ಲಿ ಹುಟ್ಟಿದ ಹಸುಗೂಸಿಗೆ ಮೊದಲ ಗುಟುಕನ್ನು ಯಾರು ಕೊಟ್ಟರು, ಅವರಿಗೆ ಅದನ್ನು ಯಾರು ಕಲಿಸಿದರು ಎಂಬ ಪ್ರಶ್ನೆಯನ್ನು ನಾವು ಕೇಳುವುದು ಅಪೂರ್ವ. ಸೂಲಗಿತ್ತಿಯರು, ದಾದಿಯರು, ವೈದ್ಯರು ಎದೆಹಾಲಿನ ವಿಷಯದಲ್ಲಿ ಪಡೆದ ಶಿಕ್ಷಣವನ್ನು ಸಂಗ್ರಹವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಈ ಚರಿತ್ರೆಯು ಅಜ್ಞಾನದಿಂದ ಜ್ಞಾನದ ಕಡೆಗೆ ನೇರವಾಗಿ ಸಾಗಿದುದಲ್ಲ. ಕಲಿಸಹೊರಟವರೇ ಮತ್ತೆ ಮತ್ತೆ ಕಲಿಯಬೇಕಾಗಿ ಬಂದ ಚರಿತ್ರೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಆಡಳಿತದ ಹಿನ್ನೆಲೆಯನ್ನು ಗಮನಿಸಬೇಕು. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ಬಳ್ಳಾರಿ ಸೀಮೆಯೊಡನೆ ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸಿನ ಆಡಳಿತಕ್ಕೆ ಸೇರಿದವು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನವು 1949ರಲ್ಲಿ ಮದರಾಸಿನಲ್ಲಿ ವಿಲೀನವಾಯಿತು. ಕಂಪ್ಲಿಯ ಆಚೆಯ ದಡ ಹೈದರಾಬಾದಿಗೆ ಸೇರಿದ್ದಿತು. ಹೀಗೆ ಅಕ್ಕಪಕ್ಕದ ಊರುಗಳ ಮೇಲೆ ಮೂರು ಸರಕಾರಗಳಿದ್ದರೂ ಹೆರಿಗೆಯ ಕೋಣೆಯಲ್ಲಿ ನಡೆಯುತ್ತಿದ್ದುದು ಸೂಲಗಿತ್ತಿಯ ಆಡಳಿತವೇ.

ಸೂಲಗಿತ್ತಿಯ ವಿದ್ಯೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು. ಬಾಣಂತಿಗೆ ಅಂಟಿನುಂಡೆ, ಸಬ್ಬಸಿಗೆ, ಬೆಳ್ಳುಳ್ಳಿ, ಕೆಲಸದಿಂದ ವಿಶ್ರಾಂತಿ, ಮಗ್ಗುಲಲ್ಲೇ ಕೂಸು, ಅತ್ತಾಗಲೆಲ್ಲ ಹಾಲು. ಇವು ಇಂದಿನ ವೈದ್ಯಶಾಸ್ತ್ರದ ತೂಕಕ್ಕೂ ಬಹುಮಟ್ಟಿಗೆ ನಿಲ್ಲುತ್ತವೆ. ಆದರೆ ಮೊದಲ ಎರಡು ಮೂರು ದಿನಗಳ ಹಳದಿ ಹಾಲನ್ನು ಹಿಂಡಿ ಚೆಲ್ಲಿ, ಕೂಸಿಗೆ ಜೇನನ್ನೋ ಸಕ್ಕರೆ ನೀರನ್ನೋ ಹರಳೆಣ್ಣೆಯನ್ನೋ ನೆಕ್ಕಿಸುವ ರೂಢಿಯೂ ಇದ್ದಿತು. ಇದನ್ನು ಬರಿಯ ಹಳ್ಳಿಯ ಮೌಢ್ಯವೆನ್ನಲಾಗದು: ಹಾಲು ಮೂರು ನಾಲ್ಕು ರಾತ್ರಿಗಳ ಮೇಲೆ ಇಳಿಯುವುದೆಂದು ಹೇಳಿ, ಮೊದಲ ದಿನ ಜೇನು ತುಪ್ಪಗಳನ್ನು ಸುಶ್ರುತಸಂಹಿತೆಯೇ ವಿಧಿಸುತ್ತದೆ. ಹಸು ಈದಾಗ ಗಿಣ್ಣನ್ನು ನೆರೆಹೊರೆಗೆ ಹಂಚಿ ತಿನ್ನುವ ಜನ ತಾಯಿಯ ಗಿಣ್ಣುಹಾಲನ್ನು ಮಾತ್ರ ಚೆಲ್ಲಿದುದು ಸೋಜಿಗವೇ ಸರಿ.

ಬ್ರಿಟಿಷರ ಕಾಲದಲ್ಲಿ 1885ರ ಡಫರಿನ್ ನಿಧಿ, 1903ರ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಗಳು ದೇಶದಲ್ಲಿ ದಾದಿಯರ, ಸೂಲಗಿತ್ತಿಯರ ಶಿಕ್ಷಣಕ್ಕೆ ತೊಡಗಿದವು. ಸೂಲಗಿತ್ತಿಗೆ ಕಲಿಸಿದ್ದು ಮುಖ್ಯವಾಗಿ ಕೈಯ, ಕತ್ತರಿಯ ಶುಚಿತ್ವ. ಅದರಿಂದ ಪ್ರಾಣಗಳು ಉಳಿದುವೆಂಬುದರಲ್ಲಿ ಸಂದೇಹವಿಲ್ಲ. ಹಾಲೂಡಿಸುವ ವಿಷಯದಲ್ಲಿ ಮಾತ್ರ ಆ ಕಾಲದ ಪಾಶ್ಚಾತ್ಯ ಪಾಠವೇ ದಾರಿತಪ್ಪಿದ್ದಿತು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಪ್ರಚಾರಪಡಿಸಿದ ಕ್ರಮದಂತೆ ಕೂಸಿಗೆ ಗಡಿಯಾರ ನೋಡಿ, ನಾಲ್ಕು ಗಂಟೆಗೊಮ್ಮೆ ಹಾಲು. ಕೂಸು ಚೀಪಿದಷ್ಟೂ ಹಾಲು ಊರುವುದು ದೇಹದ ನಿಯಮ. ಚೀಪುವುದು ಕಡಿಮೆಯಾದರೆ ಹಾಲೂ ಬತ್ತುತ್ತದೆ. ಆ ಜಾಗಕ್ಕೆ ಡಬ್ಬಿಯ ಹಾಲು ಬಂದಿತು. 1939ರಲ್ಲಿ ಸಿಂಗಪುರದಲ್ಲಿ ವೈದ್ಯೆ ಸಿಸಿಲಿ ವಿಲಿಯಮ್ಸ್ ಇದನ್ನು ಕೊಲೆಗೆ ಸಮಾನವೆಂದು ಖಂಡಿಸಿದರು.

ಸ್ವಾತಂತ್ರ್ಯಾನಂತರ ಭೋರ್ ಸಮಿತಿಯ 1946ರ ವರದಿಯನ್ನು ಅನುಸರಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಸಹಾಯಕ ದಾದಿಯರೂ ಬಂದರು. 1961ರಲ್ಲಿ ಬಳ್ಳಾರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಮುಂದೆ ಅದು ಕೆಲಕಾಲ ವಿಜಯನಗರದ ಹೆಸರನ್ನೇ ಹೊತ್ತಿದ್ದಿತು. 1975ರಲ್ಲಿ ಅಂಗನವಾಡಿ ಯೋಜನೆ ಆರಂಭವಾಯಿತು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸರಿದಂತೆ ಗಡಿಯಾರವೂ ಬಾಟಲಿಯೂ ಪೇಟೆಗಳಲ್ಲಿ ಬಲವಾದವು.

ತಿದ್ದುಪಡಿ ಹೊರಗಿನಿಂದಲೇ ಬರಬೇಕಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡಬ್ಬಿಹಾಲಿನ ಮಾರಾಟಕ್ಕೆ ಸಂಹಿತೆಯನ್ನು ಅಂಗೀಕರಿಸಿತು. 1989ರಲ್ಲಿ ಯೂನಿಸೆಫ್‌ನೊಡನೆ ಆಸ್ಪತ್ರೆಗಳಿಗೆ ಹತ್ತು ಸೂತ್ರಗಳನ್ನು ಹೇಳಿತು. ಅವುಗಳಲ್ಲಿ ಎರಡನೆಯದೇ ಸಿಬ್ಬಂದಿಯ ಶಿಕ್ಷಣ. ಭಾರತವು 1992ರಲ್ಲಿ ಶಾಸನ ಮಾಡಿತು. 1993ರಲ್ಲಿ ಸಿದ್ಧವಾದ 40 ಗಂಟೆಗಳ ಪಾಠಕ್ರಮವು ಕೂಸನ್ನು ಎದೆಗೆ ಹಿಡಿಯುವ ಬಗೆಯನ್ನಷ್ಟೇ ಅಲ್ಲದೆ, ತಾಯಿಯ ಮಾತನ್ನು ಕೇಳುವ ಬಗೆಯನ್ನೂ ಕಲಿಸುತ್ತದೆ. ಬರಿಯ ಎದೆಹಾಲು ನಾಲ್ಕರಿಂದ ಆರು ತಿಂಗಳೆಂದು ಕಲಿತಿದ್ದ ದಾದಿಯರು 2001ರ ಬಳಿಕ ಪೂರ್ತಿ ಆರು ತಿಂಗಳೆಂದು ತಿದ್ದಿಕೊಳ್ಳಬೇಕಾಯಿತು. 2005ರಿಂದ ಆಶಾ ಕಾರ್ಯಕರ್ತೆಯರು ಬಂದರು. 2011ರ ಕ್ರಮದಂತೆ ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಅವರು 42 ದಿನಗಳಲ್ಲಿ ಆರು ಸಲ ಹೋಗಬೇಕು. 2016ರಲ್ಲಿ ಎದೆಹಾಲಿಗಾಗಿಯೇ 'ಮಾ' ಎಂಬ ಕಾರ್ಯಕ್ರಮ ಹೊರಟಿತು.

ಫಲವೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಶೇಕಡ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದವು. ಮೊದಲ ಗಂಟೆಯಲ್ಲಿ ಎದೆಹಾಲು ದೊರೆತದ್ದು ಶೇಕಡ 41.8 ಕೂಸುಗಳಿಗೆ ಮಾತ್ರ. ಕರ್ನಾಟಕದಲ್ಲಿಯೂ ಬಹುತೇಕ ಎಲ್ಲ ಹೆರಿಗೆಗಳು ಆಸ್ಪತ್ರೆಯಲ್ಲಾದರೂ ಆ ಮೊದಲ ಹಾಲು ದೊರೆತದ್ದು ಸುಮಾರು ಅರ್ಧದಷ್ಟಕ್ಕೆ. ಮೊದಲ ಗಂಟೆ ಈಗ ಅಜ್ಜಿಯ ಕೈಯಲ್ಲಿಲ್ಲ, ಶಿಕ್ಷಿತರ ಕೈಯಲ್ಲಿದೆ. ಆದುದರಿಂದ ಈ ಕೊರತೆಯನ್ನು ಹಳೆಯ ರೂಢಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಸಂಡೂರು ಅದಿರಿನ ಸೀಮೆ. ಕಂಪ್ಲಿ, ಹೊಸಪೇಟೆಗಳು ಕಾಲುವೆಯ ಗದ್ದೆಗಳ ಸೀಮೆ. 1961ರ ಹೆರಿಗೆ ಸೌಲಭ್ಯ ಶಾಸನವು ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವನ್ನು ಕೊಟ್ಟಿತು. 1966ರ ನಿಯಮಗಳು ಹೆಂಗಸರು ದುಡಿಯುವ ಗಣಿಗಳಲ್ಲಿ ಶಿಶುಗೃಹವನ್ನು ವಿಧಿಸಿದವು. ದಿನಗೂಲಿಗೆ ನಾಟಿ ಮಾಡುವ ಹೆಣ್ಣಿಗೆ ಇವು ಯಾವುವೂ ಮುಟ್ಟುವುದಿಲ್ಲ. ಆರು ತಿಂಗಳು ಹಾಲೂಡಿಸೆಂದು ಅವಳಿಗೆ ಹೇಳಬಲ್ಲ ಕಾರ್ಯಕರ್ತೆ, ಅಷ್ಟು ದಿನ ಮನೆಯಲ್ಲಿರುವ ಅನುಕೂಲವನ್ನು ಕೊಡಲಾರಳು. ಆ ಬಿಡುವನ್ನು ಸೂಲಗಿತ್ತಿಯ ಬಾಣಂತನವು ತನ್ನ ಮಟ್ಟಿಗೆ ಕೊಡುತ್ತಿದ್ದಿತು.

2021ರಲ್ಲಿ ಈ ಸೀಮೆ ಮತ್ತೆ ಎರಡಾಯಿತು: ಹೊಸಪೇಟೆ, ಹಂಪೆಗಳು ವಿಜಯನಗರ ಜಿಲ್ಲೆಗೆ ಸೇರಿದವು, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲೇ ಉಳಿದವು. ಗಡಿಗಳು ಬದಲಾದರೂ ಪಾಠವೊಂದೇ. ಶಿಕ್ಷಣವು ತಾಯಿಗೆ ಹೇಳಿಕೊಡುವುದರಲ್ಲಿ ಮುಗಿಯದೆ, ಅವಳ ದುಡಿಮೆಯ ದಿನವನ್ನು ಅರಿಯುವುದರಿಂದ ಮೊದಲಾಗಬೇಕು. ಇಲ್ಲವಾದರೆ ಹಿಂದೆ ಸೂಲಗಿತ್ತಿಯ ಮೇಲೆ ಹೊರಿಸಿದ ತಪ್ಪನ್ನು ಮುಂದೆ ತಾಯಿಯ ಮೇಲೆ ಹೊರಿಸಿದಂತಾಗುತ್ತದೆ.